ಒಂದೇ ದೇಹ, ಎರಡು ಪಾಠ

ವೈದ್ಯಕೀಯ ಕಾಲೇಜನ್ನು ಸೇರಿದ ವಿದ್ಯಾರ್ಥಿಗೆ ಮೊದಲನೆಯ ವರ್ಷದಲ್ಲಿ ಮನುಷ್ಯಶರೀರದ ಪರಿಚಯವಾಗುವುದು ಎರಡು ಪ್ರತ್ಯೇಕ ಶಾಸ್ತ್ರಗಳ ಮೂಲಕ. ಅಂಗಗಳು ಎಲ್ಲಿವೆ, ಹೇಗಿವೆ, ಯಾವುದರ ನೆರೆಯಲ್ಲಿ ಯಾವುದು ಇದೆ ಎಂಬುದನ್ನು ಅಂಗರಚನಾಶಾಸ್ತ್ರವು ತಿಳಿಸುತ್ತದೆ. ಅವು ನಡೆಸುವ ವ್ಯಾಪಾರವೇನು, ಆ ವ್ಯಾಪಾರದ ಕ್ರಮವೇನು ಎಂಬುದನ್ನು ಶರೀರಕ್ರಿಯಾಶಾಸ್ತ್ರವು ತಿಳಿಸುತ್ತದೆ. ಇವೆರಡಕ್ಕೂ ಅಧ್ಯಾಪಕರು ಬೇರೆ, ಪ್ರಯೋಗಶಾಲೆ ಬೇರೆ, ಪಠ್ಯಪುಸ್ತಕ ಬೇರೆ, ಪ್ರಶ್ನಪತ್ರಿಕೆ ಬೇರೆ. ಡಿಸೆಕ್ಷನ್ ಹಾಲಿನಲ್ಲಿ ಹೃದಯವನ್ನು ಕೈಯಲ್ಲಿ ಹಿಡಿದು ಅದರ ಕೋಣೆಗಳನ್ನೂ ಕವಾಟಗಳನ್ನೂ ಗುರುತಿಸಿದ ಹುಡುಗ, ಅದು ಬಡಿಯುವ ಬಗೆಯನ್ನು ಇನ್ನೊಂದು ಕೊಠಡಿಯಲ್ಲಿ, ಇನ್ನೊಬ್ಬರ ಬಾಯಿಂದ, ಅನೇಕ ವೇಳೆ ಹಲವು ತಿಂಗಳುಗಳ ಅನಂತರ ಕೇಳುತ್ತಾನೆ. ಅಷ್ಟು ಹೊತ್ತಿಗೆ ಮೊದಲು ಕಂಡ ಹೃದಯ ಅವನ ಮನಸ್ಸಿನಲ್ಲಿ ಹೆಸರುಗಳ ಒಂದು ಪಟ್ಟಿಯಾಗಿ ಉಳಿದಿರುತ್ತದೆ. ವಿದ್ವತ್ತಿನ ಬೆಳವಣಿಗೆಗೆ ಶಾಸ್ತ್ರಗಳು ಕವಲೊಡೆಯುವುದು ಅವಶ್ಯವೇ ಸರಿ. ಆದರೆ ಪ್ರೌಢ ಸಂಶೋಧಕನಿಗೆ ಅನುಕೂಲವಾದ ವಿಭಾಗವನ್ನು ಹೊಸದಾಗಿ ಬಂದ ಹದಿನೆಂಟರ ವಿದ್ಯಾರ್ಥಿಯ ಮುಂದೆ ಹಾಗೆಯೇ ಇಡುವುದು ಯುಕ್ತವಲ್ಲವೆಂದೂ, ನಮ್ಮ ಕಾಲೇಜುಗಳಲ್ಲಿ ಈ ವ್ಯಾಸಂಗವು ನೀರಸವೂ ಕಂಠಪಾಠಪ್ರಧಾನವೂ ಆಗಿರುವುದಕ್ಕೆ ಮೂಲಕಾರಣ ಇದೇ ಎಂದೂ ನನ್ನ ಅಭಿಪ್ರಾಯ.

ಈ ಶಾಸ್ತ್ರಗಳು ಹುಟ್ಟಿದ ಕಾಲದಲ್ಲಿ ಇಂಥ ಗೋಡೆ ಇರಲಿಲ್ಲ. ಅಂಗರಚನಾಶಾಸ್ತ್ರಜ್ಞನಾದ ವೆಸಾಲಿಯಸ್ ತನ್ನ ಮಹಾಗ್ರಂಥವನ್ನು ಬಾಸೆಲ್ ನಗರದಲ್ಲಿ ಅಚ್ಚು ಹಾಕಿಸಿದುದು 1543ರಲ್ಲಿ. ಅದಕ್ಕೆ ಮುಂಚೆ ಐರೋಪ್ಯ ವಿದ್ಯಾಪೀಠಗಳಲ್ಲಿ ಆಚಾರ್ಯನು ಉನ್ನತಪೀಠದ ಮೇಲೆ ಕುಳಿತು ಪ್ರಾಚೀನ ವೈದ್ಯ ಗ್ಯಾಲೆನ್ನನ ಗ್ರಂಥವನ್ನು ಓದುತ್ತಿದ್ದನು; ಕೆಳಗೆ ಕ್ಷೌರಿಕನೊಬ್ಬನು ಶವವನ್ನು ಕೊಯ್ಯುತ್ತಿದ್ದನು; ಗ್ರಂಥಕ್ಕೂ ಶವಕ್ಕೂ ವಿರೋಧ ಕಂಡಲ್ಲಿ ಗ್ರಂಥಕ್ಕೇ ಮನ್ನಣೆ. ಪಾಡುವಾದಲ್ಲಿ ವೆಸಾಲಿಯಸ್ ಪೀಠದಿಂದ ಇಳಿದು ಬಂದು ಕತ್ತಿಯನ್ನು ತಾನೇ ಹಿಡಿದನು. ಮನುಷ್ಯನ ಕೆಳದವಡೆ ಗ್ಯಾಲೆನ್ ಹೇಳಿದಂತೆ ಎರಡು ಮೂಳೆಗಳದ್ದಲ್ಲ, ಒಂದೇ ಮೂಳೆಯದು ಎಂಬುದನ್ನು ಕಣ್ಣಾರೆ ಕಂಡು ಬರೆದನು. ಮುಂದೆ ಅದೇ ಪಾಡುವಾದಲ್ಲಿ ಕಲಿತ ವೈದ್ಯ ಹಾರ್ವೆ 1628ರಲ್ಲಿ ಹೃದಯ ಮತ್ತು ರಕ್ತದ ಚಲನೆಯ ಬಗ್ಗೆ ಪ್ರಕಟಿಸಿದ ಕಿರುಗ್ರಂಥವನ್ನು ಇಂದಿನ ಯಾವ ವಿಭಾಗಕ್ಕೆ ಸೇರಿಸಬೇಕು? ಅಭಿಧಮನಿಗಳೊಳಗಿನ ಕವಾಟಗಳನ್ನು ಅವನ ಗುರು ಫಾಬ್ರಿಸಿಯಸ್ ತೋರಿಸಿಕೊಟ್ಟಿದ್ದನು. ಅವು ರಕ್ತದ ಹರಿವನ್ನು ನಿಧಾನಗೊಳಿಸುತ್ತವೆಂದಷ್ಟೇ ಗುರು ಭಾವಿಸಿದ್ದನು. ಅವೆಲ್ಲವೂ ಹೃದಯದ ದಿಕ್ಕಿಗೇ ಏಕೆ ತೆರೆಯುತ್ತವೆ ಎಂದು ಕೇಳಿದವನು ಶಿಷ್ಯ. ತೋಳಿಗೆ ಕಟ್ಟು ಬಿಗಿದು, ಮುಂಗೈಯಲ್ಲಿ ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಒತ್ತಿ, ರಕ್ತವು ಒಂದೇ ದಿಕ್ಕಿನಲ್ಲಿ ತುಂಬುವುದನ್ನು ಅವನು ತೋರಿಸಿದನು. ಪ್ರತಿ ಬಡಿತಕ್ಕೆ ಹೃದಯವು ಹೊರಚೆಲ್ಲುವ ರಕ್ತದ ಪ್ರಮಾಣವನ್ನು ಅತ್ಯಲ್ಪವೆಂದೇ ಗಣಿಸಿದರೂ, ಅರ್ಧ ಗಂಟೆಯಲ್ಲಿ ಅದು ದೇಹದಲ್ಲಿರಬಹುದಾದ ಒಟ್ಟು ರಕ್ತವನ್ನು ಮೀರುವುದೆಂದೂ, ಆದುದರಿಂದ ಅದೇ ರಕ್ತ ಮರಳಿ ಬರುತ್ತಿರಲೇಬೇಕೆಂದೂ ಲೆಕ್ಕ ಹಾಕಿದನು. ಮರಳುವ ದಾರಿಯಾದ ಲೋಮನಾಳಗಳನ್ನು ಅವನು ಕಾಣಲಿಲ್ಲ. ಅವನು ತೀರಿಕೊಂಡ ಮೇಲೆ, 1661ರಲ್ಲಿ, ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಅವನ್ನು ಕಂಡನು. ರಚನೆಯು ಪ್ರಶ್ನೆಯನ್ನೆತ್ತಿತು, ಕ್ರಿಯೆಯ ವಿಚಾರ ಉತ್ತರವನ್ನು ಊಹಿಸಿತು, ಆ ಉತ್ತರ ಮತ್ತೆ ಕಾಣದ ರಚನೆಯೊಂದನ್ನು ಹುಡುಕಿಸಿತು. ಮುಂಗೈ ಇರುವ ಯಾವ ವಿದ್ಯಾರ್ಥಿಯಾದರೂ ಐದು ನಿಮಿಷದಲ್ಲಿ ಮಾಡಿ ನೋಡಬಹುದಾದ ಹಾರ್ವೆಯ ಆ ಮುಂಗೈ ಪ್ರಯೋಗಕ್ಕೆ ನಮ್ಮ ತರಗತಿಗಳಲ್ಲಿ ದೊರೆಯುವ ಸ್ಥಾನ ತೀರ ಅಲ್ಪ.

ಇನ್ನು ಪಠ್ಯಪುಸ್ತಕಗಳ ಮಾತು. ಹೆನ್ರಿ ಗ್ರೇ ಬರೆದ ಅಂಗರಚನಾಶಾಸ್ತ್ರದ ಗ್ರಂಥ 1858ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಮೂರು ವರ್ಷಗಳಲ್ಲಿ ಗ್ರೇ ಸಿಡುಬಿನಿಂದ ಮೃತನಾದನು. ಆ ಗ್ರಂಥದ ಚಿರಾಯುಸ್ಸಿಗೆ ಅರ್ಧಕ್ಕಿಂತ ಹೆಚ್ಚಾಗಿ ಕಾರಣನಾದವನು ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಂದು ನಾನು ಎಣಿಸುತ್ತೇನೆ. ನರಕ್ಕೂ ನಾಳಕ್ಕೂ ಅಕ್ಷರಸಂಕೇತ ಕೊಟ್ಟು ಅರ್ಥವನ್ನು ಪುಟದಡಿಯಲ್ಲಿ ಹುಡುಕಿಸುತ್ತಿದ್ದ ರೂಢಿಯನ್ನು ಬಿಟ್ಟು, ಅವನು ಆಯಾ ಅಂಗದ ಮೈಮೇಲೆಯೇ ಅದರ ಹೆಸರನ್ನು ಬರೆದನು. ಓದುವವನ ಕಣ್ಣು ಚಿತ್ರವನ್ನು ಬಿಟ್ಟು ಕದಲಬೇಕಾಗಲಿಲ್ಲ. ಪುಸ್ತಕ ಹೊರಬಂದ ವರ್ಷವೇ ಅವನು ಮುಂಬಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಈ ಎರಡೂ ಶಾಸ್ತ್ರಗಳನ್ನು ಕಲಿಸಿದನೆಂಬುದು ನಮ್ಮವರು ನೆನೆಯತಕ್ಕ ಸಂಗತಿ. ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಬಿ. ಡಿ. ಚೌರಾಸಿಯಾರ ಪುಸ್ತಕ. ಪರೀಕ್ಷೆಯಲ್ಲಿ ಬಿಡಿಸಬಹುದಾದಷ್ಟು ಸರಳವಾದ ರೇಖಾಚಿತ್ರ, ಅಂಶ ಅಂಶವಾಗಿ ವಿಂಗಡಿಸಿದ ವಿವರಣೆ, ರೋಗಸಂಬಂಧವಾದ ಟಿಪ್ಪಣಿ, ಇವೆಲ್ಲ ಅದರ ಗುಣಗಳು; ಇಂಗ್ಲಿಷಿನಲ್ಲಿ ತೊಡಕುವ ಹಳ್ಳಿಯ ಮಕ್ಕಳಿಗೆ ಅದು ಮಾಡಿರುವ ಉಪಕಾರ ಸಣ್ಣದಲ್ಲ. ಆದರೆ ಅಂಶಗಳಾಗಿ ಒಡೆದ ವಿವರಣೆಯಲ್ಲಿ ಕಾರ್ಯಕಾರಣದ ಎಳೆ ಕಡಿದುಹೋಗುತ್ತದೆ. ಎಲ್ಲ ಅಂಶಗಳೂ ಸಮಾನವಾದ ತೂಕವುಳ್ಳವಾಗಿ ತೋರುವುದರಿಂದ, ಯಾವುದು ಮುಖ್ಯ ಯಾವುದು ಗೌಣ ಎಂಬ ವಿವೇಕ ಓದುಗನಲ್ಲಿ ಮೂಡುವುದಿಲ್ಲ.

ದೃಷ್ಟಾಂತಕ್ಕೆ ಧ್ವನಿಪೆಟ್ಟಿಗೆಯ ನರವನ್ನೇ ತೆಗೆದುಕೊಳ್ಳೋಣ. ತಲೆಬುರುಡೆಯ ತಳದಿಂದ ಇಳಿಯುವ ವೇಗಸ್ ನರದ ಶಾಖೆಯೊಂದು ಕುತ್ತಿಗೆಯಲ್ಲಿರುವ ಧ್ವನಿಪೆಟ್ಟಿಗೆಗೆ ಹೋಗಬೇಕಾದರೂ, ಎಡಗಡೆಯಲ್ಲಿ ಅದು ನೇರವಾಗಿ ಅಲ್ಲಿಗೆ ಹೋಗದೆ ಎದೆಯೊಳಕ್ಕೆ ಇಳಿದು, ಮಹಾಪಧಮನಿಯ ಕಮಾನನ್ನು ಕೆಳಗಿನಿಂದ ಬಳಸಿ, ಶ್ವಾಸನಾಳ ಅನ್ನನಾಳಗಳ ನಡುವಣ ಸಂದಿನಲ್ಲಿ ಮತ್ತೆ ಮೇಲೇರುತ್ತದೆ. ವಿದ್ಯಾರ್ಥಿ ಇದನ್ನು ಉರುಹೊಡೆಯುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಮರೆಯುತ್ತಾನೆ. ಭ್ರೂಣಾವಸ್ಥೆಯಲ್ಲಿ ಹೃದಯವು ಕುತ್ತಿಗೆಯ ಸಮೀಪದಲ್ಲಿದ್ದು, ಈ ನರ ಅದರ ಮೇಲಣ ರಕ್ತನಾಳದ ಕೆಳಗೆ ಹಾದುಹೋಗಿತ್ತೆಂದೂ, ಕುತ್ತಿಗೆ ನೀಳವಾಗಿ ಹೃದಯ ಎದೆಗೆ ಇಳಿದಾಗ ನಾಳವು ನರವನ್ನೂ ತನ್ನೊಡನೆ ಸೆಳೆದುಕೊಂಡಿತೆಂದೂ ಹೇಳಿದರೆ, ವಕ್ರವಾದ ಆ ದಾರಿಗೆ ಅರ್ಥ ಬರುತ್ತದೆ. ಧ್ವನಿಯುತ್ಪತ್ತಿಯ ಪಾಠವನ್ನು ಅದೇ ದಿನ ಸೇರಿಸಿ, ಮಹಾಪಧಮನಿಯ ಕಮಾನು ಉಬ್ಬಿದವನಿಗೂ ಎಡ ಶ್ವಾಸಕೋಶದಲ್ಲಿ ಗಡ್ಡೆ ಬೆಳೆದವನಿಗೂ ಸ್ವರ ಒಡೆಯಬಹುದೆಂಬುದನ್ನು ತಿಳಿಸಿದರೆ, ವಾರಗಟ್ಟಲೆ ಗಂಟಲು ಕಟ್ಟಿರುವ ರೋಗಿಯ ಎದೆಯ ಎಕ್ಸ್‌ರೇ ತೆಗೆಸಬೇಕಾದುದೇಕೆಂದು ಆ ಹುಡುಗ ಜೀವಮಾನವಿಡೀ ಮರೆಯಲಾರನು. ಅದೇ ಮಾಹಿತಿ, ಅಷ್ಟೇ ಹೊತ್ತು, ಜೋಡಣೆಯೊಂದೇ ಬೇರೆ.

ಇದಕ್ಕಿಂತ ಗಹನವಾದ ನಿದರ್ಶನ ಮೂತ್ರಪಿಂಡದಲ್ಲಿದೆ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನುಗಳೆಂಬ ಸೂಕ್ಷ್ಮ ಸೋಸುಘಟಕಗಳಿವೆ. ಅವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರಿನಷ್ಟು ಮಾತ್ರ. ಜರ್ಮನಿಯ ಹೆನ್ಲೆ ಎಂಬ ರಚನಾಶಾಸ್ತ್ರಜ್ಞನು 1862ರಲ್ಲಿ, ನೆಫ್ರಾನಿನ ಕೊಳವೆ ಮೂತ್ರಪಿಂಡದ ಒಳಭಾಗಕ್ಕೆ ನೀಳವಾಗಿ ಇಳಿದು, ಹೇರ್‌ಪಿನ್ನಿನಂತೆ ಮಡಿಸಿ, ಬಂದ ದಾರಿಯ ಪಕ್ಕದಲ್ಲಿಯೇ ಮರಳಿ ಏರುವುದನ್ನು ಕಂಡು ವರ್ಣಿಸಿದನು. ಏಕೆ ಹೀಗೆ ಎಂಬುದು ಸುಮಾರು ತೊಂಬತ್ತು ವರ್ಷ ಬಗೆಹರಿಯಲಿಲ್ಲ. 1951ರಲ್ಲಿ ಬಾಸೆಲ್ ನಗರದಲ್ಲಿಯೇ ವಿರ್ತ್ಸ್, ಹಾರ್ಗಿಟೈ, ಕೂನ್ ಎಂಬ ಮೂವರು ಆ ಆಕೃತಿಯ ಮರ್ಮವನ್ನು ಬಿಡಿಸಿದರು. ಇವರಲ್ಲಿ ಕೂನ್ ಭೌತರಸಾಯನ ಶಾಸ್ತ್ರಜ್ಞನು. ಏರುವ ಕೊಳವೆ ನೀರನ್ನು ಬಿಡದೆ ಉಪ್ಪನ್ನು ಮಾತ್ರ ಹೊರದೂಡುತ್ತದೆ. ಇಳಿಯುವ ಕೊಳವೆಯಿಂದ ನೀರು ಹೊರಕ್ಕೆ ಹರಿದುಹೋಗುತ್ತದೆ. ಎರಡರಲ್ಲಿಯೂ ದ್ರವವು ಒಂದಕ್ಕೊಂದು ಎದುರಾದ ದಿಕ್ಕಿನಲ್ಲಿ ಚಲಿಸುವುದರಿಂದ, ಪ್ರತಿಯೊಂದು ಮಟ್ಟದಲ್ಲಿ ಉಂಟಾಗುವ ಸ್ವಲ್ಪ ಸಾಂದ್ರತಾವ್ಯತ್ಯಾಸವು ಉದ್ದಕ್ಕೂ ಗುಣಿಸುತ್ತ ಹೋಗಿ, ಒಳತುದಿಯಲ್ಲಿ ರಕ್ತದ ಸಾಂದ್ರತೆಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಮೂತ್ರವನ್ನು ಅಷ್ಟು ಗಾಢಗೊಳಿಸಿ ನೀರನ್ನು ಉಳಿಸಿಕೊಳ್ಳುವ ಶಕ್ತಿ ದೇಹಕ್ಕೆ ಬಂದಿರುವುದು ಈ ಮಡಿಕೆಯಿಂದ. ರಾಯಚೂರಿನ ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವವನು ಸಂಜೆಯವರೆಗೆ ತಡೆದುಕೊಳ್ಳುವುದಕ್ಕೂ ಇದೇ ಒಂದು ಮುಖ್ಯ ಆಧಾರ. ಆಕೃತಿಯನ್ನು ಅಳಿಸಿದರೆ ಕ್ರಿಯೆಯೇ ಇಲ್ಲ. ಕ್ರಿಯೆಯನ್ನರಿಯದಿದ್ದರೆ ಆಕೃತಿ ಬರಿಯ ವೈಚಿತ್ರ್ಯ. ಇಷ್ಟು ರಮ್ಯವಾದ ವಿಷಯವು ಕಾಲೇಜಿನಲ್ಲಿ ಏನಾಗುತ್ತದೆಂದು ನೋಡಿ: ರಚನೆಯ ತರಗತಿಯಲ್ಲಿ ಅದು ಬಣ್ಣ ಹಾಕಿದ ಗಾಜಿನ ಸ್ಲೈಡಿನ ಮೇಲಿನ ಕೆಲವು ಉಂಗುರಗಳು, ಕ್ರಿಯೆಯ ತರಗತಿಯಲ್ಲಿ ಅದು 300, 600, 1200 ಎಂಬ ಸಾಂದ್ರತೆಯ ಅಂಕಿಗಳನ್ನು ಬರೆದ ಒಂದು ರೇಖಾಚಿತ್ರ. ಆ ಉಂಗುರಗಳೇ ಈ ರೇಖೆಗಳೆಂದು ಹೇಳುವ ಹೊಣೆ ಇಬ್ಬರು ಅಧ್ಯಾಪಕರಲ್ಲಿ ಯಾರದೂ ಆಗಿಲ್ಲ.

ಶವಚ್ಛೇದನದ ವಿಷಯದಲ್ಲಿ ಮಾತ್ರ ನನ್ನ ಮೆಚ್ಚುಗೆ ನಿಸ್ಸಂಶಯವಾದದ್ದು. ಹೊಳೆಯ ಹರಿಯುವ ನೀರಿನಲ್ಲಿ ಹುಲ್ಲು ಸುತ್ತಿದ ಶವವನ್ನು ಪಂಜರದಲ್ಲಿಟ್ಟು, ಏಳು ರಾತ್ರಿಗಳ ಮೇಲೆ ತೆಗೆದು, ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಪದರಪದರವಾಗಿ ನೋಡಬೇಕೆಂದು ವಿಧಿಸಿದ ಸುಶ್ರುತಸಂಹಿತೆಯ ನಾಡು ನಮ್ಮದು. ಆ ಅಭ್ಯಾಸ ಲುಪ್ತವಾಗಿ, 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರ ಕೈಯಿಂದ ಮತ್ತೆ ಮೊದಲಾಯಿತು. ಪರದೆಯ ಮೇಲೆ ತಿರುಗಿಸಿ ನೋಡುವ ದೇಹಗಳು ಇಂದು ಬಂದಿವೆ, ಅವುಗಳಿಂದ ಪ್ರಯೋಜನವಿಲ್ಲವೆನ್ನಲಾರೆ. ಆದರೆ ಅವು ತೋರಿಸುವುದು ಆದರ್ಶವಾದ ಒಂದು ದೇಹವನ್ನು. ಮೇಜಿನ ಮೇಲಿರುವ ದೇಹವೋ ಪುಸ್ತಕಕ್ಕೆ ವಿಧೇಯವಾಗಿರುವುದಿಲ್ಲ. ಒಂದು ಅಪಧಮನಿ ಹೇಳಿದ್ದಕ್ಕಿಂತ ಮೇಲೆಯೇ ಕವಲೊಡೆದಿರುತ್ತದೆ. ಮುಂಗೈಯಲ್ಲಿ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯು ಇಲ್ಲವೇ ಇಲ್ಲದಿರಬಹುದು. ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟನ್ನು ಮಡಿಸಿದರೆ ಆ ಸ್ನಾಯುವಿನ ಕಂಡರ ತನ್ನಲ್ಲಿದೆಯೇ ಎಂದು ಯಾರಾದರೂ ನೋಡಿಕೊಳ್ಳಬಹುದು. ಮನುಷ್ಯರು ಒಬ್ಬರಂತೆ ಒಬ್ಬರಿಲ್ಲ ಎಂಬ ಈ ಅರಿವು ಮುಂದೆ ಶಸ್ತ್ರವೈದ್ಯನಾಗುವವನಿಗೆ ಎಷ್ಟು ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಲ್ಲದೆ, ಫಾರ್ಮಲಿನ್ನಿನಿಂದ ಕಣ್ಣುರಿಯುವ ಆ ಹಾಲಿನಲ್ಲಿ ಮಲಗಿರುವವರು ಒಂದು ಕಾಲಕ್ಕೆ ಮಾತನಾಡಿದವರು, ನಡೆದಾಡಿದವರು. ವಾರಸುದಾರರಿಲ್ಲದ ಶವಗಳ ವಿನಿಯೋಗಕ್ಕೆಂದು ನಮ್ಮ ರಾಜ್ಯದಲ್ಲಿ ಕಾಯಿದೆಯಾದುದು 1957ರಲ್ಲಿ. ಈಗ ಸ್ವಂತ ಇಚ್ಛೆಯಿಂದ ದೇಹದಾನ ಮಾಡುವವರು ಇದ್ದಾರೆ. 2010ರಲ್ಲಿ ಬೆಳಗಾವಿಯಲ್ಲಿ ವೈದ್ಯರೊಬ್ಬರು, ತೀರಿಕೊಂಡ ತಮ್ಮ ತಂದೆಯ ಇಚ್ಛೆಯಂತೆ ಅವರ ದೇಹವನ್ನು ವಿದ್ಯಾರ್ಥಿಗಳ ಎದುರಿನಲ್ಲಿ ತಮ್ಮ ಕೈಯಿಂದಲೇ ಛೇದಿಸಿ ತೋರಿಸಿದರು. ಛೇದನಕ್ಕೆ ಮೊದಲು ವಿದ್ಯಾರ್ಥಿಗಳಿಂದ ಗೌರವಪ್ರತಿಜ್ಞೆ ಮಾಡಿಸುವ ಪದ್ಧತಿ ಇತ್ತೀಚೆಗೆ ರೂಢಿಗೆ ಬಂದಿರುವುದು ಅತ್ಯಂತ ಉಚಿತವಾದದ್ದು.

ಹೆಸರುಗಳನ್ನು ಕಲಿಯುವುದೇ ವ್ಯರ್ಥವೆಂದು ನಾನು ವಾದಿಸುತ್ತಿಲ್ಲ. ನರ್ಸಿಂಗ್ ಓದುವ ಹುಡುಗಿ ಪೃಷ್ಠಭಾಗಕ್ಕೆ ಇಂಜೆಕ್ಷನ್ ಕೊಡುವಾಗ ಮೇಲಣ ಹೊರಭಾಗವನ್ನೇ ಏಕೆ ಆರಿಸಬೇಕೆಂಬುದು, ತೊಡೆಯ ಹಿಂಬದಿಗೆ ಇಳಿಯುವ ದೊಡ್ಡ ನರದ ದಾರಿ ತಿಳಿಯದವಳಿಗೆ ತಿಳಿಯದು. ಸೂಜಿ ತಪ್ಪಿದರೆ ರೋಗಿಯ ಪಾದ ಜೋತುಬೀಳುವ ಅಪಾಯವುಂಟು. ಸ್ಮರಣೆಯಿಲ್ಲದೆ ಈ ವಿದ್ಯೆಯಿಲ್ಲ. ಆದರೆ ಕಾರಣ ತಿಳಿದ ಸಂಗತಿ ಸ್ಮರಣೆಯಲ್ಲಿ ನಿಲ್ಲುವ ಬಗೆಯೇ ಬೇರೆ, ಪ್ರಾಸಗಟ್ಟಿದ ಸೂತ್ರವೊಂದರ ಬಲದಿಂದ ವೈವಾ ಎಂಬ ಮೌಖಿಕ ಪರೀಕ್ಷೆಯವರೆಗೆ ಮಾತ್ರ ನಿಲ್ಲುವ ಬಗೆಯೇ ಬೇರೆ. ಫಾರ್ಮಸಿ ವಿದ್ಯಾರ್ಥಿಗಳಿಗೆ ಎರಡು ಶಾಸ್ತ್ರಗಳನ್ನೂ ಒಂದೇ ಶೀರ್ಷಿಕೆಯಡಿಯಲ್ಲಿ ಕಲಿಸುವ ಪಠ್ಯಕ್ರಮವಿರುವುದನ್ನು ಕಂಡಾಗ, ಓದಿನ ಭಾರ ಹೆಚ್ಚಾಗಿರುವ ವೈದ್ಯಕೀಯ ಕಾಲೇಜುಗಳಲ್ಲಿಯೇ ಈ ಸಂಯೋಗ ತಪ್ಪಿಹೋಗಿರುವುದು ಶೋಚನೀಯವೆನಿಸುತ್ತದೆ.

ಕಾಲದ ಅಭಾವವೂ ನಿಜ. ಒಂದೂವರೆ ವರ್ಷವಿದ್ದ ವೈದ್ಯಕೀಯದ ಮೊದಲ ಹಂತವು 1997ರ ನಿಯಮಾವಳಿಯಿಂದ ಒಂದು ವರ್ಷಕ್ಕೆ ಇಳಿಯಿತು. ಶಾಸ್ತ್ರದ ವಿಸ್ತಾರ ಮಾತ್ರ ಕುಗ್ಗಲಿಲ್ಲ. 2019ರಿಂದ ಜಾರಿಗೆ ಬಂದಿರುವ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಒಂದೇ ವಿಷಯವನ್ನು ಬೇರೆಬೇರೆ ವಿಭಾಗಗಳು ಏಕಕಾಲದಲ್ಲಿ ಬೋಧಿಸಬೇಕೆಂದೂ, ಮೊದಲ ವರ್ಷದಲ್ಲಿಯೇ ವಿದ್ಯಾರ್ಥಿಗಳಿಗೆ ರೋಗಿಗಳ ದರ್ಶನವಾಗಬೇಕೆಂದೂ ವಿಧಿಸಿದೆ. ಈ ದಿಕ್ಕು ಸರಿಯಾದದ್ದು. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಪರೀಕ್ಷೆಯ ಪತ್ರಿಕೆಗಳು ಹಿಂದಿನಂತೆ ಪ್ರತ್ಯೇಕವಾಗಿಯೇ ಉಳಿದಿರುವವರೆಗೆ ವಿದ್ಯಾರ್ಥಿಯ ಓದೂ ಪ್ರತ್ಯೇಕವಾಗಿಯೇ ಉಳಿಯುತ್ತದೆ. ವೇಳಾಪಟ್ಟಿಯಲ್ಲಿ ಅಕ್ಕಪಕ್ಕ ಕೂರಿಸಿದ ಮಾತ್ರಕ್ಕೆ ಎರಡು ಪಾಠಗಳು ಒಂದಾಗಲಾರವು. ವೈವಾದಲ್ಲಿ ಎರಡೂ ವಿಭಾಗಗಳ ಅಧ್ಯಾಪಕರು ಒಂದೇ ಮೇಜಿನ ಬಳಿ ಕುಳಿತು, ಸೀಳಿದ ಹೃದಯವೊಂದನ್ನು ಮುಂದಿಟ್ಟು, ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ಮೂರರಷ್ಟು ದಪ್ಪವಾಗಿರುವುದೇಕೆ ಎಂದು ಕೇಳಲಿ. ಶ್ವಾಸಕೋಶದ ಹತ್ತಿರದ ದಾರಿಗೂ ಇಡೀ ದೇಹದ ದೂರದ ದಾರಿಗೂ ಬೇಕಾದ ಒತ್ತಡಗಳನ್ನು ಹೋಲಿಸದೆ ಇದಕ್ಕೆ ಉತ್ತರವಿಲ್ಲ. ಗೋಡೆಯನ್ನು ಮುಟ್ಟಿ ನೋಡಿರದವನಿಗೆ ಪ್ರಶ್ನೆಯೇ ಹೊಳೆಯದು. ಇಂಥ ಪ್ರಶ್ನೆಗಳನ್ನು ರಚಿಸುವುದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ವರ್ಷಾರಂಭಕ್ಕೆ ಮೊದಲು ಎರಡು ವಿಭಾಗಗಳ ಅಧ್ಯಾಪಕರು ಒಂದು ವಾರ ಜೊತೆಯಾಗಿ ಕುಳಿತರೆ ಸಾಕು.