ಕುಡುಗೋಲು ಎಲ್ಲಿ ನಿಲ್ಲಬೇಕು?

ಮಳೆ ಹಿಡಿದಿದೆ, ನೇಪಿಯರ್ ಮೇವಿನ ಕೊಯ್ಲು ಜೋರಾಗಿದೆ, ನೋಡಿದಲ್ಲೆಲ್ಲ ಹುಲ್ಲನ್ನು ನೆಲಕ್ಕೆ ಹತ್ತಿಸಿ ಕೊಯ್ಯುತ್ತಿದ್ದಾರೆ.

ಇದು ಕಬ್ಬಿನ ಗದ್ದೆಯಿಂದ ಬಂದ ರೂಢಿ. ಕೂಳೆ ಬೆಳೆ ಚೆನ್ನಾಗಿ ಬರಲೆಂದು ಕಬ್ಬನ್ನು ನೆಲಮಟ್ಟಕ್ಕೆ ಕಡಿಯುತ್ತೇವೆ, ಅದು ಸರಿಯೇ. ಆದರೆ ಕಬ್ಬಿಗೆ ವರ್ಷಕ್ಕೊಂದು ಕೊಯ್ಲು, ನೇಪಿಯರಿಗೆ ಆರೇಳು. ಎಲೆ ಕಳೆದುಕೊಂಡ ಬುಡ ಹೊಸ ತೆಂಡೆ ಒಡೆಯುವುದು ಕಾಂಡದ ತಳದಲ್ಲಿ, ಬೇರಿನಲ್ಲಿ ಕೂಡಿಟ್ಟ ಆಹಾರದಿಂದ. ಆ ತಳವನ್ನೇ ಕೊಯ್ದೊಯ್ದರೆ ಅದು ಯಾವ ಬಲದ ಮೇಲೆ ಚಿಗುರಬೇಕು? ಮೊದಲ ಒಂದೆರಡು ಕೊಯ್ಲಿಗೆ ಹೊರೆ ದೊಡ್ಡದಾಗಿಯೇ ಕಾಣುತ್ತದೆ. ನಷ್ಟ ಗೊತ್ತಾಗುವುದು ಆಮೇಲೆ. ಬುಡದ ನಡುಭಾಗ ಒಣಗುತ್ತದೆ, ಅಂಚಿನಲ್ಲಷ್ಟೇ ನಾಲ್ಕು ಸಣಕಲು ತೆಂಡೆ ಉಳಿಯುತ್ತವೆ, ಸಾಲಿನ ಖಾಲಿ ಜಾಗಕ್ಕೆ ಕಳೆ ನುಗ್ಗುತ್ತದೆ. ನೀರು ನಿಲ್ಲುವ ಹೊಲದಲ್ಲಿ ಕೊಯ್ದ ಬಾಯಿಯೇ ಕೊಳೆಯುತ್ತದೆ.

ನಾಲ್ಕರಿಂದ ಆರು ಇಂಚು ಕೂಳೆ ಬಿಡಿ. ತಳಿ ಕೋ-4 ಇರಲಿ, ಧಾರವಾಡದ ಡಿಎಚ್‌ಎನ್-6 ಇರಲಿ, ಮಾತು ಒಂದೇ. ಕುಡುಗೋಲು ಹರಿತವಾಗಿರಲಿ, ಮೊಂಡಾದರೆ ಕೂಳೆ ಸೀಳುತ್ತದೆ, ಗೆಣ್ಣಿನ ಕಣ್ಣು ಜಜ್ಜಿಹೋಗುತ್ತದೆ.

ಎಲ್ಲಿ ಕೊಯ್ಯಬೇಕೆಂಬುದಾಯಿತು, ಇನ್ನು ಯಾವಾಗ ಎಂಬುದು. ಇಲ್ಲೇ ಬರುವುದು ಸೂಪರ್ ನೇಪಿಯರ್ ಕಡ್ಡಿ ಮಾರುವವರ ಮೇಲಿನ ನನ್ನ ಹಳೆಯ ತಕರಾರು. ಥಾಯ್ಲೆಂಡಿನಿಂದ ಬಂದ ಆ ತಳಿಯ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಹುಲ್ಲೇ. ಸಿಟ್ಟು ಇರುವುದು ಆಳೆತ್ತರ ಮೀರಿದ ಹುಲ್ಲಿನ ಪಕ್ಕ ನಿಂತು ತೆಗೆಸಿದ ಫೋಟೊ ತೋರಿಸಿ ಅದನ್ನೇ ಇಳುವರಿ ಎನ್ನುವುದರ ಮೇಲೆ. ಹುಲ್ಲು ಬಲಿತಷ್ಟೂ ತೂಕ ಏರುತ್ತದೆ ನಿಜ, ಆದರೆ ಏರುವುದು ದಂಟಿನ ತೂಕ. ಎಲೆಯ ಪಾಲು ಇಳಿಯುತ್ತದೆ, ಪ್ರೋಟೀನೂ ಇಳಿಯುತ್ತದೆ. ಅಂಥ ಮೇವು ಹಾಕಿದ ಮರುದಿನ ಬೆಳಿಗ್ಗೆ ಗೋದಲಿ ನೋಡಿ: ಎಲೆಯೆಲ್ಲ ಖಾಲಿ, ಹೆಬ್ಬೆರಳು ದಪ್ಪದ ದಂಟುಗಳು ಜೊಲ್ಲಿನಲ್ಲಿ ನೆನೆದು ಹಾಗೇ ಬಿದ್ದಿರುತ್ತವೆ. ಅವು ತಿಪ್ಪೆಗೇ ಹೋಗುವುದು. ತೂಕ ಹಾಕುವುದಾದರೆ ಹಸು ತಿಂದದ್ದನ್ನು ಹಾಕಬೇಕು.

ಹಾಗೆಂದು ತಿಂಗಳೊಳಗೇ ಕೊಯ್ಯುವುದೂ ತಪ್ಪು. ಹುಲ್ಲು ಮೆತ್ತಗಿರುತ್ತದೆ, ಪ್ರೋಟೀನೂ ಹೆಚ್ಚು. ಆದರೆ ಎಳೆಯ ನೇಪಿಯರಿನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಮೇವಿನ ಸುಣ್ಣದಂಶ ಹಸುವಿಗೆ ದಕ್ಕಗೊಡುವುದಿಲ್ಲ. ಬೇರಿಗೂ ಚೇತರಿಸಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ. ನಾಟಿಯಾದ 70-75 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ನೀರಿದ್ದಲ್ಲಿ 45 ದಿನದ ಆಸುಪಾಸು. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಆಗ ಕ್ಯಾಲೆಂಡರ್ ಬಿಟ್ಟು ಹುಲ್ಲು ನೋಡಿ.

ನೆಲಮಟ್ಟದ ಕೊಯ್ಲೇ ಸರಿ ಎನ್ನುವವರು ಈ ಸಲ ಎರಡು ಸಾಲಿಗೆ ಆರು ಇಂಚು ಕೂಳೆ ಬಿಟ್ಟು, ಪಕ್ಕದ ಎರಡನ್ನು ತಮ್ಮ ರೂಢಿಯಂತೆ ಕೊಯ್ಯಲಿ. ವರ್ಷ ತುಂಬಿದ ಮೇಲೆ ಎರಡರಲ್ಲೂ ಬುಡಕ್ಕೆಷ್ಟು ತೆಂಡೆ ಉಳಿದಿವೆ ಎಂದು ಎಣಿಸಿ ನನಗೆ ಬರೆಯಲಿ.