ಬೂಸಾ ಮಾತು ಮತ್ತು ಸಭೆಯ ಸಭ್ಯತೆ

ನಮ್ಮ ಆಲಮಟ್ಟಿ ಸೀಮೆಯಲ್ಲಿ ಬೂಸಾ ಅಂದರೆ ಬೈಗುಳವಲ್ಲ, ದನದ ಮುಂದೆ ಇಡುವ ತಿನಿಸು. ಇಲ್ಲಿಯ ತರಗತಿಯೊಂದರಲ್ಲಿ ಬೂಸಾ ಪ್ರಕರಣದ ಬಗ್ಗೆ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು, ‘ಮಂತ್ರಿ ಆದವ್ರು ಹಂಗ ಅನಬಾರದಿತ್ತು ಬಿಡ್ರೀ ಸರ. ಚಲೋ ಮಾತಿನಾಗ ಹೇಳಬಹುದಿತ್ತು’ ಅಂದ. ಹಿಂದಿನ ಬೆಂಚಿನ ಹುಡುಗಿ ಕೂತಲ್ಲಿಂದಲೇ, ‘ಬಡಿದವ್ರು ಚಲೋ ಮಾತಿನಾಗ ಬಡಿದಿದ್ರೇನು?’ ಅಂದಳು. ನಾನು ಹುಡುಗನನ್ನು ಗದರಿಸಿ ಕೂಡಿಸಿದೆ. ಹಾಗೆ ಕೂಡಿಸಿದ್ದು ಸರಿಯೇ ಎಂಬ ಅಳುಕು ಈ ಬರಹಕ್ಕೆ ಕಾರಣ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಪ್ರತಿಭಟನೆ, ಮೆರವಣಿಗೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಕೊನೆಗೆ ಸಚಿವರ ರಾಜೀನಾಮೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರೂ ಇದೇ ಬಸವಲಿಂಗಪ್ಪನವರು. ಆ ಹೊರೆಯನ್ನು ತಲೆಮಾರುಗಳ ಕಾಲ ಅಸಭ್ಯವೆಂದು ಕಾಣದ ಸಮಾಜಕ್ಕೆ ಒಂದು ಪದ ಅಸಭ್ಯವಾಗಿ ಕಂಡಿತು.

ಸಭ್ಯ ಎಂದರೆ ಸಭೆಗೆ ಸಲ್ಲುವವನು. ಸಭೆಯಲ್ಲಿ ಜಾಗವೇ ಇಲ್ಲದವನಿಂದ ಸಭ್ಯತೆಯನ್ನು ಕೇಳುವುದು ಯಾವ ನ್ಯಾಯ? ‘ಚಲೋ ಮಾತಿ’ಗೆ ಏನು ಸಿಕ್ಕಿತು ಎಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿ ಇದೆ. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕು ಎಂದು ಕೇಳಿದ್ದರಲ್ಲಿ ಬೂಸಾ ಎಂಬ ಪದ ಇರಲಿಲ್ಲ. ಆದರೂ ಗೋಷ್ಠಿ ಸಿಗಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಅಂದಮೇಲೆ ತಕರಾರು ಇದ್ದದ್ದು ಮಾತಿನ ಧಾಟಿಯ ಬಗ್ಗೆ ಅಲ್ಲ, ಮಾತಾಡುವವನ ಬಗ್ಗೆ.

ಇಷ್ಟಾದರೂ ಪ್ರಶ್ನೆಯೊಂದು ಉಳಿಯುತ್ತದೆ. ಬಸವಲಿಂಗಪ್ಪನವರು ಅಂದದ್ದು ಒಂದು ವಿಮರ್ಶೆಯ ಮಾತು. ಯಾವ ಕೃತಿ ಬೂಸಾ, ಯಾವ ಅಳತೆಯಿಂದ ಎಂದು ಅವರೊಡನೆ ಜಗಳಕ್ಕೆ ಕೂರಬೇಕಾಗಿತ್ತು. ಬಸವನ ಬಾಗೇವಾಡಿ ನಮಗೆ ಹತ್ತಿರ; ವಚನಗಳೂ ಆ ಲೆಕ್ಕಕ್ಕೆ ಬರುತ್ತವೆಯೇ ಎಂದು ಕೇಳಬಹುದಾಗಿತ್ತು. ಬೂಸಾ ತಿಂದೇ ಎಮ್ಮೆ ಹಾಲು ಕೊಡುತ್ತದೆ ಎಂದಾದರೂ ವಾದಿಸಬಹುದಾಗಿತ್ತು. ಹಾಗೆ ವಾದಿಸಿದ್ದರೆ ಅದು ದಲಿತನೊಬ್ಬನನ್ನು ವಿಮರ್ಶಕನೆಂದು ಒಪ್ಪಿಕೊಂಡಂತೆ. ಬೀದಿಗಿಳಿದವರಿಗೆ ಅದು ಬೇಕಿರಲಿಲ್ಲ. ಆದರೆ ಆ ಮಾತಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಕೈಮುಗಿಯುವ ನಾವು ಮಾಡುತ್ತಿರುವುದೇನು? ನಾವೂ ಅದರೊಡನೆ ವಾದಕ್ಕೆ ಇಳಿಯುತ್ತಿಲ್ಲ. ಭಿನ್ನಮತಕ್ಕೆ ಜಾಗ ಕೇಳಿಕೊಂಡು ಹುಟ್ಟಿದ ದಲಿತ ವಿಮರ್ಶೆ ತನ್ನೊಳಗೆ ಅದಕ್ಕೆ ಜಾಗ ಕೊಡದಿದ್ದರೆ, ನಾವು ಕಟ್ಟುವುದೂ ಮತ್ತೊಂದು ‘ಸಭ್ಯರ ಸಭೆ’ಯೇ.

ಹುಡುಗನ ಮಾತು ತಪ್ಪು ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಅವನನ್ನು ಕೂಡಿಸಿದ್ದು ನನ್ನ ವಾದವಲ್ಲ, ನನ್ನ ಕುರ್ಚಿ. ಮುಂದಿನ ತರಗತಿಯಲ್ಲಿ ಅವನನ್ನು ಎಬ್ಬಿಸಿ, ‘ಬೂಸಾ ಅಲ್ಲ ಅಂತ ನಿನಗ ಅನಿಸಿದ್ದೊಂದು ಪುಸ್ತಕ ತಗೊಂಡು ಬಾ, ಆಕಿ ಮುಂದ ಕೂತು ಓದು’ ಎನ್ನಬೇಕು. ಆಕೆ ಕೇಳುವ ಪ್ರಶ್ನೆಗಳಿಗೆ ಅವನ ಜೊತೆ ನಾನೂ ಉತ್ತರ ಹುಡುಕಬೇಕಾಗುತ್ತದೆ.