ತಲೆದೂಗುವವರ ನಡುವೆ ಆಯ್ದಕ್ಕಿ ಲಕ್ಕಮ್ಮ



ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ಸೀಮೆಯವರಿಗೆ ‘ಆಯುವುದು’ ಎಂಬ ಮಾತನ್ನು ವಿವರಿಸಬೇಕಾದುದಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣು ಕೆದಕಿ ಉಳಿದ ಕಾಯಿ ಆಯುವವರನ್ನೂ, ಕಣದಂಚಿನಲ್ಲಿ ಚೆಲ್ಲಿದ ಕಾಳನ್ನು ಮೊರಕ್ಕೆ ಬಳಿದುಕೊಳ್ಳುವವರನ್ನೂ ಬಲ್ಲ ನಾಡಿದು. ಆದುದರಿಂದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನಾವು ಕೇವಲ ಗ್ರಂಥದ ಮಾತೆಂದು ಓದಿ ಮುಗಿಸಲಾಗದು.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ, ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಶೂನ್ಯಸಂಪಾದನೆಯಲ್ಲಿ ಮಾರಯ್ಯನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿರುತ್ತಾನೆ. ಅಲ್ಲಿ ನಡೆದಿರುವುದು ಕಾಯಕದ ಹಿರಿಮೆಯ ಮಾತೇ! ಲಕ್ಕಮ್ಮನು ಬಂದು ಆ ಮಾತನ್ನು ಖಂಡಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ. ನಿಮ್ಮ ಕಾಯಕ ನಿಂತಿದೆ ಎಂದು ನೆನಪಿಸುತ್ತಾಳೆ, ಅಷ್ಟೆ. ಅವನು ಅವಸರದಿಂದ ಹೋಗಿ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಆ ಹೆಚ್ಚಿನ ಅಕ್ಕಿ ಬಸವಣ್ಣನವರೇ ಕರುಣೆಯಿಂದ ಚೆಲ್ಲಿಸಿದ್ದೆಂದು ಜನಪ್ರಿಯ ಕಥೆ ಹೇಳುತ್ತದೆ. ಹಾಗಾದರೆ ಲಕ್ಕಮ್ಮನು ಮರಳಿಸಿದ್ದು ಮಹಾಮನೆಯ ಔದಾರ್ಯವನ್ನೇ.

ಈ ಪ್ರಸಂಗವನ್ನು ವ್ಯಾಖ್ಯಾನಿಸುವ ನಮ್ಮ ಪ್ರವಚನಕಾರರಲ್ಲಿ ಅನೇಕರು ಲಕ್ಕಮ್ಮನನ್ನು ಆದರ್ಶ ಸತಿಯೆಂದು ಕೊಂಡಾಡಿ ಮುಂದಕ್ಕೆ ಸಾಗುತ್ತಾರೆ. ಇದು ಅರೆ ಓದು. ಪತಿಯ ದೋಷವನ್ನು ತಿದ್ದಿದ ಸತಿಯ ಕಥೆ ಇದಾಗಿದ್ದರೆ, ಮಾರಯ್ಯನು ದುರ್ನಡತೆಯವನಾಗಿರಬೇಕಿತ್ತು. ಅವನ ತಪ್ಪಾದರೂ ಏನು? ಸತ್ಸಂಗದಲ್ಲಿ ಕುಳಿತು ಸತ್ಯವಾದ ಮಾತಿಗೆ ತಲೆದೂಗಿದ್ದು! ಈ ಸೂಕ್ಷ್ಮವನ್ನು ಕೈಬಿಟ್ಟರೆ ಪ್ರಸಂಗದ ಮೊನೆಯೇ ಮುರಿಯುತ್ತದೆ. ಸಂಪಾದನೆಕಾರರ ಮೇಲೂ ನನಗೊಂದು ಆಕ್ಷೇಪವಿದೆ. ಪ್ರಸಂಗ ಮುಂದೆ ಐಕ್ಯದ ತತ್ತ್ವಚರ್ಚೆಗೆ ಏರಿದಂತೆ ಅಕ್ಕಿ, ಒಲೆ, ಕಾದಿರುವ ಜಂಗಮರು ಹಿಂದೆ ಸರಿಯುತ್ತಾರೆ. ಲಕ್ಕಮ್ಮನು ಎಚ್ಚರಿಸಿದ ಮೈಮರೆವಿಗೆ ಕೃತಿಯೂ ತುಸು ಒಳಗಾಗುತ್ತದೆ.

ಮೆಚ್ಚುಗೆಯೇ ಕೂಡದೆಂದು ನನ್ನ ವಾದವಲ್ಲ. ಫ. ಗು. ಹಳಕಟ್ಟಿಯವರೂ ವಚನಗಳನ್ನು ಮೆಚ್ಚಿದವರೇ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಅವರು, ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. 1993ರಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಾಗಿ ಪ್ರಕಟವಾದ ಮೇಲಂತೂ ವಚನಗಳು ದೊರೆಯವೆಂಬ ನೆಪ ನಮಗೆ ಉಳಿದಿಲ್ಲ. ಗಾಜಿನ ಕಪಾಟಿನಲ್ಲಿ ಅವು ಬಲು ಚೆನ್ನಾಗಿ ಕಾಣುತ್ತವೆ, ಅದು ಬೇರೆ ಮಾತು.

ವಾಚಕರೇ, ಶ್ರಾವಣದ ಪ್ರವಚನದಲ್ಲಿ ಲಕ್ಕಮ್ಮನ ಕಥೆಗೆ ಕಣ್ಣೊದ್ದೆಯಾದವರು ನಾವು. ಸುಗ್ಗಿ ಬಂದಾಗ ನಮ್ಮ ಹೊಲದಲ್ಲಿ ಕಾಯಿ ಆಯಲು ಬಂದ ಹೆಣ್ಣುಮಗಳನ್ನು ಬದುವಿನಿಂದಲೇ ಗದರಿಸಿ ಅಟ್ಟುವಾಗ, ಆಕೆಯ ಮಡಿಲಲ್ಲಿ ಎಷ್ಟು ಕಾಯಿಗಳಿದ್ದವೆಂದು ನೋಡಿದ್ದೇವೆಯೇ?